ತೊಳೆದು ಒಯ್ದ ಕ್ಯಾಮೆರಾ

"ದಾನೇಶ್ವರಿಯವ್ರ, ಸಿದ್ರಾಮನ ಕ್ಯಾಮೆರಾ ಹೋತ್ರಿ!"

ಶಮಶುದ್ದೀನ ಸಾಹೇಬರು ನಮ್ಮ ಬಾಗಿಲಲ್ಲೇ ಕುಸಿದು ಕುಳಿತರು. ಎಷ್ಟೋ ಯುದ್ಧಗಳನ್ನು ಕಣ್ಣಾರೆ ಕಂಡು ವರದಿ ಮಾಡಿದ ಮನುಷ್ಯ ಹೀಗೆ ನಡುಗುವುದನ್ನು ಸಿಂದಗಿಯಲ್ಲಿ ಯಾರೂ ನೋಡಿರಲಿಲ್ಲ.

ಸಿದ್ರಾಮ ಅವರ ನೆರೆಮನೆಯ ಲಕ್ಕವ್ವನ ಒಬ್ಬನೇ ಮಗ. ಫೋಟೊ ತೆಗೆಯಲು ಸಾಹೇಬರ ಜೊತೆ ಸಿರಿಯಾಕ್ಕೆ ಹೋದವನು ಮರಳಲಿಲ್ಲ. ಸಾಹೇಬರು ತಂದದ್ದು ಅವನ ಕ್ಯಾಮೆರಾ ಮಾತ್ರ. 'ಗದ್ದಲದಾಗ ತಪ್ಪಿಸಿಕೊಂಡಾನ, ಹುಡುಕಾಕತ್ತಾರ' ಎಂದಿದ್ದರು. ಅಂದಿನಿಂದ ಲಕ್ಕವ್ವ ಅವರನ್ನು ಕಂಡಾಗಲೆಲ್ಲ "ಸುದ್ದಿ ಬಂತೇನ್ರಿ?" ಎಂದು ಕೇಳುತ್ತಿದ್ದಳು. ಮರುದಿನ ಇಂಡಿ ಪಟ್ಟಣದಲ್ಲಿ ಸಾಹೇಬರಿಗೆ ಸನ್ಮಾನ. ಅಲ್ಲಿ ಕ್ಯಾಮೆರಾವನ್ನು ವಸ್ತುಸಂಗ್ರಹಾಲಯಕ್ಕೆ ಒಪ್ಪಿಸುವವರಿದ್ದರು.

ದಾನೇಶ್ವರಿ ನಿವೃತ್ತ ಪೊಲೀಸ್ ಫೌಜದಾರರು; ಅವರ ಮನೆಯಲ್ಲೇ ಇದ್ದು ಸ್ಕೂಟರ್ ಓಡಿಸುವುದು, ಬೈಸಿಕೊಳ್ಳುವುದು ಎರಡೂ ನನ್ನ ಪಾಲು. ಸಾಹೇಬರ ಮನೆಯಲ್ಲಿ ಬೀಗ ಒಡೆದಿರಲಿಲ್ಲ. ಕ್ಯಾಮೆರಾ ಇಡುತ್ತಿದ್ದ ಕಟ್ಟೆ ಒದ್ದೆಯಾಗಿತ್ತು, ಮೂಲೆಯಲ್ಲಿ ಒಂದಿಷ್ಟು ವಿಭೂತಿ ಉದುರಿತ್ತು.

"ಮ್ಯೂಜಿಯಮ್ಮಿಗೆ ಕೊಡಬ್ಯಾಡ್ರಿ ಅಂದಿದ್ದು ಖರೆ. ಆದ್ರ ನಾ ಕದ್ದಿಲ್ರಿ," ಎಂದು ಸಾಹೇಬರ ಅಕ್ಕನ ಮಗ ಜಹೀರ ಸಿಡುಕಿದ. ನನಗಂತೂ ಅವನೇ ಕಳ್ಳ ಅನ್ನಿಸಿತು. ಲಕ್ಕವ್ವ ಚಹಾ ತಂದಿಟ್ಟು ಮಾತಿಲ್ಲದೆ ಹೋದಳು.

"ನಿನ್ನೆ ಟಿವಿಯವ್ರಿಗೆ ಏನ್ ಹೇಳಿದ್ರಿ?" ದಾನೇಶ್ವರಿ ಕೇಳಿದರು.

ಸಾಹೇಬರು ತಲೆ ತಗ್ಗಿಸಿದರು. "ಸಿದ್ರಾಮ ನನ್ನ ತೊಡಿ ಮ್ಯಾಲೇ ಜೀವಾ ಬಿಟ್ಟ ಅಂತ."

ದಾನೇಶ್ವರಿ ಎಲ್ಲರನ್ನೂ ಲಕ್ಕವ್ವನ ಹೊಲಕ್ಕೆ ಕರೆದೊಯ್ದರು. ಬದುವಿನ ಹತ್ತಿರ ಹಸಿ ಮಣ್ಣಿನ ಗುಡ್ಡೆ, ಅದರ ಪಕ್ಕದಲ್ಲಿ ಲಕ್ಕವ್ವ.

"ಜಹೀರ, ಕ್ಯಾಮೆರಾ ಬೇಕಾದಾಂವ ಅದಕ್ಕ ನೀರ್ ಹಾಕ್ತಾನೇನೊ ತಮ್ಮಾ?" ಎಂದರು ದಾನೇಶ್ವರಿ. " ಕೆಟ್ಟ ಹೋಗತೈತಿ. ಹೆಣಕ್ಕ ಜಳಕಾ ಮಾಡಸ್ತಾರ, ವಿಭೂತಿ ಹಚ್ಚತಾರ, ಆಮ್ಯಾಲೆ ಮಣ್ಣ ಕೊಡತಾರ. ದಿನಾ ಸುದ್ದಿ ಕೇಳಾಕಿ ಇವತ್ತ ಕೇಳಲಿಲ್ಲ, ನೋಡಿದ್ರಿಲ್ಲೊ? ಟಿವಿಯಾಗ ಆಕೀಗೆ ಸುದ್ದಿ ಮುಟ್ಟೇತಿ. ಸಾಹೇಬ್ರ ಮನಿ ಇನ್ನೊಂದು ಕೀಲಿಕೈ ಆಕಿ ಹತ್ರನ ಇರತೈತಿ. ಮಗನ ಹೆಣಾ ಸಿಗಲಿಲ್ಲ. ಅಂವನ ಕೈಯಾಗಿಂದು ಇದೊಂದ ಇತ್ತು. ಅದೂ ನಾಳೆ ಊರ ಬಿಡತಿತ್ತು."

ಲಕ್ಕವ್ವ ಸಾಹೇಬರನ್ನು ನೋಡಿದಳು. "ಜಗತ್ತಿಗೆಲ್ಲಾ ಸುದ್ದಿ ಕೊಟ್ರಿ. ನನಗಷ್ಟ ಯಾಕ ಕೊಡಲಿಲ್ರಿ ಯಪ್ಪಾ?"

"ಧೈರ್ಯಾ ಆಗಲಿಲ್ಲ, ಯವ್ವಾ." ಸಾಹೇಬರು ಬಿಕ್ಕಿ ಬಿಕ್ಕಿ ಅತ್ತರು. ಅವರು ಒಂದು ಹಿಡಿ ಮಣ್ಣೆತ್ತಿ ಗುಡ್ಡೆಯ ಮೇಲೆ ಹಾಕಿದರು.

"ಅಳೂದು ಆಮ್ಯಾಲೆ. ಅವತ್ತ ಏನೇನ್ ಆತು, ಮೊದಲಿಂದ ಹೇಳ್ರಿ," ಎಂದಳು ಲಕ್ಕವ್ವ.

ಸಾಹೇಬರು ಅವಳ ಎದುರಿಗೆ ನೆಲದ ಮೇಲೆ ಕುಳಿತು ಹೇಳತೊಡಗಿದರು. ಮರುದಿನ ಅವರು ಇಂಡಿಗೆ ಹೋಗಲಿಲ್ಲ.