ಮೂವತ್ತು ಸೆಕೆಂಡಿನ ಕಾವಲು

“ಭಯಾನಾ ಮೇಡಂ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಅವನು ರೋಪ್‌ವೇ ಕ್ಯಾಬಿನ್ ಹತ್ತಿದ.

ರೋಪ್‌ವೇ ಓಡಿಸುವ ಯಂತ್ರದ ಸರ್ಕ್ಯೂಟ್ ಬೋರ್ಡ್ ಮಾಡಿದವನೇ ಮೊದಲ ಸವಾರಿ ಮಾಡಬೇಕೆಂಬುದು ನಮ್ಮ ಆಫೀಸಿನಲ್ಲಿ ನಡೆದುಬಂದ ರೂಢಿ. ಬೋರ್ಡ್ ಅವನದು. ಅದನ್ನು ನಡೆಸುವ ಮೂಲ ಸಾಫ್ಟ್‌ವೇರ್, ಅಂದರೆ ಕರ್ನಲ್, ನನ್ನದು.

ಆ ಯಂತ್ರ ಶುರುವಾಗುವ ದಾರಿಯಲ್ಲೇ ಸಿಕ್ಕಿಬಿದ್ದರೆ ಎಬ್ಬಿಸುವವರಿರಲಿಲ್ಲ. ಅದನ್ನು ಕಾಯಬೇಕಾದ ವಾಚ್‌ಡಾಗ್ ಟೈಮರ್ ಎಚ್ಚರವಾಗುತ್ತಿದ್ದದ್ದು ಶುರುವಾಗುವುದೆಲ್ಲ ಮುಗಿದ ಮೇಲೆ. ಆ ಟೈಮರನ್ನು ನಾನು ಕರ್ನಲ್‌ನ ಮೊದಲ ಹೆಜ್ಜೆಗೇ ತಂದಿದ್ದೆ. ಮೂವತ್ತು ಸೆಕೆಂಡಿನೊಳಗೆ ‘ಇದ್ದೇನೆ’ ಎಂಬ ಸಂದೇಶ ಬರದಿದ್ದರೆ ಅದು ಯಂತ್ರವನ್ನು ಮೊದಲಿನಿಂದ ಶುರುಮಾಡುತ್ತದೆ.

ಕ್ಯಾಬಿನ್ ಕಣಿವೆಯ ನಡುವೆ ಬಂದಾಗ, ಪರೀಕ್ಷೆಗೆಂದು ಮೆಕ್ಯಾನಿಕ್ ಕರೆಂಟ್ ತೆಗೆದು ಮತ್ತೆ ಹಾಕಿದರು. ಕೆಳಗೆ ನನ್ನೆದುರಿನ ಪರದೆ ಬೆಳಗಿತು. ಮೂವತ್ತು ಸೆಕೆಂಡಿಗೆ ಆರಿತು. ಮತ್ತೆ ಬೆಳಗಿತು, ಮತ್ತೆ ಆರಿತು.

ಆಗ ಹೊಳೆಯಿತು. ಕರೆಂಟ್ ಹಠಾತ್ತನೆ ಹೋದರೆ ಯಂತ್ರ ಮೊದಲು ಡಿಸ್ಕ್ ತಪಾಸಣೆ ಮಾಡುತ್ತದೆ. ಸಂದೇಶ ಕಳಿಸುವ ಪ್ರೋಗ್ರಾಂ ಏಳುವುದು ಆಮೇಲೆ. ಆಫೀಸಿನ ಪುಟ್ಟ ಡಿಸ್ಕಿಗೆ ಹತ್ತು ಸೆಕೆಂಡು ಸಾಕಾಗಿತ್ತು. ಇಲ್ಲಿನದು ದೊಡ್ಡದು, ಮೂವತ್ತೂ ಸಾಲದು. ನಾನಿಟ್ಟ ಕಾವಲೇ ಯಂತ್ರವನ್ನು ಏಳಗೊಡುತ್ತಿರಲಿಲ್ಲ.

“ಕ್ಯಾಬಿನ್ನು ಕೈಯಲ್ಲಿ ಎಳೆದ್ರೆ ಒಂದು ಗಂಟೆ ಬೇಕು,” ಎಂದರು ಮೆಕ್ಯಾನಿಕ್.

ವಾಕಿಟಾಕಿ ಗರಗರ ಎಂದಿತು. “ಮೇಡಂ, ಗಾಳಿ ಜೋರಾಗ್ತಿದೆ. ಕ್ಯಾಬಿನ್ನು ಕಂಬಕ್ಕೆ ಬಡಿಯೋ ಹಾಗೆ ತೂಗ್ತಿದೆ.” ಅವನ ದನಿಯಲ್ಲಿ ಎಂದಿನ ತುಂಟತನವಿರಲಿಲ್ಲ.

“ತಪ್ಪು ನಂದು. ಗಟ್ಟಿಯಾಗಿ ಹಿಡ್ಕೊಳ್ಳಿ, ಸರಿಮಾಡ್ತೀನಿ.”

ಯಂತ್ರ ಶುರುವಾಗುವಾಗ ಕೀ ಒತ್ತಿ ತಡೆಯಲು ಎರಡು ಸೆಕೆಂಡು ಸಿಗುತ್ತದೆ. ಮೊದಲ ಸಲ ಒತ್ತುವುದು ತಡವಾಯಿತು. ಮತ್ತೆ ಮೂವತ್ತು ಸೆಕೆಂಡು ಕಾದೆ. ಎರಡನೇ ಸಲ ಸಿಕ್ಕಿತು. ಮೂವತ್ತನ್ನು ಅಳಿಸಿ ನೂರೆಂಬತ್ತು ಬರೆದೆ. ಇನ್ನು ಯಂತ್ರ ನಿಜಕ್ಕೂ ಸಿಕ್ಕಿಬಿದ್ದರೆ ಮೂರು ನಿಮಿಷ ಅವನ ನೆರವಿಗೆ ಯಾರೂ ಇಲ್ಲ.

ತಪಾಸಣೆ ಶುರುವಾಯಿತು. ಶೇಕಡಾ ಎಂಟು. ಒಂಬತ್ತು.

“ಏನಾದ್ರೂ ಮಾತಾಡಿ ಮೇಡಂ. ಸುಮ್ನಿದ್ರೆ ಕೆಳಗೆ ನೋಡ್ಬಿಡ್ತೀನಿ.”

“ಏನ್ ಮಾತಾಡ್ಲಿ?”

“ಆಫೀಸಲ್ಲಿ ಎಲ್ರೂ ನನ್ನ ಬೋರ್ಡಣ್ಣ ಅಂತಾರೆ. ನೀವೊಬ್ರೇ ಅನ್ನಲ್ಲ. ಯಾಕೆ?”

ಶೇಕಡಾ ಅರವತ್ತು. ಅಲ್ಲೇ ನಿಂತಿತು. ಇದನ್ನು ಇನ್ನೆಂದೂ ಹೇಳಲಾಗದಿದ್ದರೆ?

“ನೀವು ನನಗೆ ಅಣ್ಣ ಆಗೋದು ನನಗಿಷ್ಟ ಇಲ್ಲ. ಅದಕ್ಕೆ.”

ವಾಕಿಟಾಕಿಯಲ್ಲಿ ಗಾಳಿ ಭೋರ್ಗರೆಯಿತು. ಆಮೇಲೆ ಮೆಕ್ಯಾನಿಕ್ ಕೆಮ್ಮಿದರು. “ನನ್ನ ಕೈಲೂ ವಾಕಿಟಾಕಿ ಇದೆ ಕಣಮ್ಮ.”

ಅರವತ್ತೊಂದು. ಎಂಬತ್ತು. ನೂರು. ಮೋಟಾರ್ ಗುಂಯ್ಗುಟ್ಟಿತು.

ಕ್ಯಾಬಿನ್ನಿಂದ ಇಳಿದವನೇ ನನ್ನ ತೋಳು ಹಿಡಿದುಕೊಂಡ. ಮುಖ ಬಿಳಿಚಿತ್ತು, ಕಣ್ಣಲ್ಲಿ ಮಾತ್ರ ನಗು.

“ಆಗ ಹೇಳಿದ್ದು ಇನ್ನೊಂದ್ಸಲ ಹೇಳಿ. ಗಾಳೀಲಿ ಕೇಳಿಸ್ಲೇ ಇಲ್ಲ.”

ಚೆನ್ನಾಗಿಯೇ ಕೇಳಿಸಿತ್ತು ಅವನಿಗೆ. ಆದರೂ ಹೇಳಿದೆ.