ಹಾಡುಗಳ ನಡುವೆ ಒಂದು ಪಠಣ

"ಯಾರದ್ದಪ್ಪಾ ಆ ಫೋನು? ಮೊದಲು ಆರಿಸಿ!"

ಮೈಕ್ರೋಬಸ್ಸಿನ ಮುಂದಿನ ಸೀಟಿನಿಂದ ಬಿಳಿಗಡ್ಡದ ಹಿರಿಯರೊಬ್ಬರು ಗುಡುಗಿದರು. ಮುಶೀರಾ ಗಾಬರಿಯಿಂದ ಫೋನ್ ತಡಕಿದಳು. ಇಯರ್‌ಫೋನ್ ಕಿವಿಯಲ್ಲೇ ಇದೆ, ಹಾಡು ಮಾತ್ರ ಹೊರಗೆ ಬೊಬ್ಬೆ ಹೊಡೆಯುತ್ತಿದೆ! ಅದೂ ಎಂಥ ಹಾಡು... ಗಲ್ಲಿ ಮದುವೆಗಳಲ್ಲಿ ಹುಡುಗರು ಕುರ್ಚಿ ಹತ್ತಿ ಕುಣಿಯುವಂಥದ್ದು. ಬೆಳಗಿನ ಹೊತ್ತು, ಬಸ್ಸಿನ ತುಂಬ ಜನ, ಎಲ್ಲರ ಕುತ್ತಿಗೆಯೂ ಹಿಂದಕ್ಕೆ ತಿರುಗಿತು.

"ಕ್ಷಮಿಸಿ ಹಾಜಿ, ನಂದೇ ಅದು."

ಹಿರಿಯರನ್ನೆಲ್ಲ ಕರೆಯುವಂತೆ 'ಹಾಜಿ' ಎಂದು ಕರೆದು, ಪಕ್ಕದಲ್ಲಿ ಕೂತಿದ್ದ ಯುವಕ ತನ್ನ ಫೋನನ್ನು ಮೇಲೆತ್ತಿ ತೋರಿಸಿದ. ಅಷ್ಟರಲ್ಲಿ ಮುಶೀರಾ ಹೇಗೋ ಹಾಡು ನಿಲ್ಲಿಸಿದ್ದಳು.

"ನಾಚಿಕೆ ಆಗಲ್ವೇನೋ ಮಗನೇ?"

"ಆಗ್ತಾ ಇದೆ ಹಾಜಿ, ತುಂಬಾ ಆಗ್ತಾ ಇದೆ."

ಬೇರೆ ಹುಡುಗಿಯಾಗಿದ್ದರೆ ಕೃತಜ್ಞತೆಯಿಂದ ಕರಗಿಹೋಗುತ್ತಿದ್ದಳು. ಆದರೆ ನಮ್ಮ ಮುಶೀರಾಗೆ ಕೋಪ ಮೂಗಿನ ತುದಿಯಲ್ಲೇ ಮನೆ ಮಾಡಿಕೊಂಡಿತ್ತು.

"ನಿಮ್ಮನ್ನ ಯಾರು ಕೇಳಿದ್ರು? ನನ್ನ ಹಾಡಿಗೆ ನಾನೇ ಬೈಸ್ಕೊಳ್ತಿದ್ದೆ!"

"ಬೈಸ್ಕೊಳ್ಳೋಷ್ಟು ಒಳ್ಳೇ ಹಾಡಾಗಿದ್ರೆ ಬಿಟ್ಟುಬಿಡ್ತಿದ್ದೆ. ಇಷ್ಟು ಕೆಟ್ಟ ಹಾಡಿಗೆ ನೀವು ಮಾನ ಕಳ್ಕೊಳ್ಳೋದು ಬೇಡ ಅನ್ನಿಸ್ತು."

"ಕೆಟ್ಟ ಹಾಡಾ? ನೀವೇನು ಕೇಳ್ತೀರೋ ಮಹಾ! ಅಜ್ಜಂದಿರ ಹಾಡಾ?"

ಅವನು ನಕ್ಕ. ಆ ನಗು ನೋಡಿ ಅವಳಿಗೆ ಇನ್ನಷ್ಟು ಉರಿಯಿತು... ಆದರೆ ಆ ಉರಿಯೊಳಗೆ ಬೇರೇನೋ ಇತ್ತು. ಏನದು? ಅವಳು ಕಿಟಕಿಯಾಚೆ ಸಮುದ್ರ ನೋಡುವ ನಾಟಕವಾಡಿದಳು.

ಇಳಿಯುವ ಮುಂಚೆ ಅವನು ಫೋನ್ ನಂಬರ್ ಕೇಳಿದ. ಅವಳು ಕೊಡಲಿಲ್ಲ. ಸಿದಿ ಗಾಬರ್‌ ಬಡಾವಣೆಯ ದಂತವೈದ್ಯರ ಕ್ಲಿನಿಕ್ಕಿನಲ್ಲಿ ರೋಗಿಗಳ ಹೆಸರು ಕರೆಯುವ ಕೆಲಸ ಅವಳದು. ಯಾರಿಗೆ ನಂಬರ್ ಕೊಡಬೇಕು, ಯಾರಿಗೆ ಕೊಡಬಾರದು ಎಂದು ದಿನದಿನವೂ ಕಲಿತವಳು.

"ಸರಿ, ನಂಬರ್ ಬೇಡ. ಹಾಡಿನ ಆ್ಯಪ್‌ನಲ್ಲಿ ಇಬ್ಬರದ್ದೂ ಒಂದು ಪ್ಲೇಲಿಸ್ಟ್ ಮಾಡೋಣ. ನೀವೊಂದು ಹಾಕಿ, ನಾನೊಂದು ಹಾಕ್ತೀನಿ. ಯಾರ ರುಚಿ ಕೆಟ್ಟದ್ದು ಅಂತ ಗೊತ್ತಾಗ್ಲಿ."

"ಹೆಸರು?"

"ಮೋತಾಜ್. ಅತ್ತಾರಿನ್‌ ಪೇಟೇಲಿ ನಮ್ಮಪ್ಪಂದು ಕನ್ನಡಕದ ಅಂಗಡಿ."

"ಪ್ಲೇಲಿಸ್ಟಿನ ಹೆಸರು ಕೇಳಿದ್ದು!"

"ಓ... 'ಜಗಳ' ಅಂತ ಇಡಿ."

ಹಾಗೆ ಶುರುವಾಯಿತು ಜಗಳ.

ಅವಳು ಕುಣಿತದ ಹಾಡು ಹಾಕಿದರೆ, ಅವನು ಯಾವುದೋ ಕಾಲದ ಹಾಡು ಹಾಕುತ್ತಿದ್ದ. ಅದರಲ್ಲಿ ಗಾಯಕಿ ಬಾಯಿ ತೆರೆಯುವ ಹೊತ್ತಿಗೆ ಒಂದು ಲೋಟ ಚಹಾ ಕುಡಿದು ಮುಗಿಸಬಹುದಿತ್ತು. ಮೊದಲು ಮುಶೀರಾ ಮೂಗು ಮುರಿದಳು. ಆಮೇಲೆ ಪೂರ್ತಿ ಕೇಳಿದಳು. ಆಮೇಲೆ ಪಾತ್ರೆ ತೊಳೆಯುತ್ತ ಗುನುಗತೊಡಗಿದಳು. ತಂದೆ ಹಾಜಿ ಬದ್ರಾನ್ ಅಡುಗೆಮನೆಗೆ ಬಂದು, "ಈ ಹಾಡು ನಿನಗೆ ಹೇಗೆ ಗೊತ್ತು? ನಿಮ್ಮಮ್ಮ ಹಾಡ್ತಿದ್ದಳು..." ಎಂದು ಕಣ್ಣೊರೆಸಿಕೊಂಡ ದಿನ, ಅವಳು ಸೋತೆನೆಂದು ಒಪ್ಪಿಕೊಂಡಳು. ತನ್ನಲ್ಲೇ. ಅವನಿಗೆ ಹೇಳುವುದುಂಟೇ!

ಬೆಳಿಗ್ಗೆ ಬಸ್ಸಿನಲ್ಲಿ ಸಿಕ್ಕಾಗ ಎರಡು ಮಾತು, ಉಳಿದದ್ದೆಲ್ಲ ಪ್ಲೇಲಿಸ್ಟಿನಲ್ಲಿ. ಅವಳಿಗೆ ಜ್ವರ ಬಂದು ನಾಲ್ಕು ದಿನ ಹೋಗದಿದ್ದಾಗ ಅವನು ಹಾಕಿದ್ದು ಲಾಲಿ ಹಾಡು. ಅದನ್ನು ಕೇಳುತ್ತ ಅವಳು ದಿಂಬಿಗೆ ಮುಖ ಒತ್ತಿಕೊಂಡು ಅತ್ತಿದ್ದಳು, ಸುಖಕ್ಕೆ.

ಪ್ರೀತಿಯೆಂದು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಿಬಿಟ್ಟಿದ್ದರೆ ಈ ಕಥೆಗೆ ಇಷ್ಟು ಕಣ್ಣೀರು ಬೇಕಾಗುತ್ತಿರಲಿಲ್ಲ.

ಒಂದು ದಿನ ಮೋತಾಜ್ ಬಸ್ಸಿಗೆ ಬರಲಿಲ್ಲ. ಮರುದಿನವೂ ಇಲ್ಲ. ಆತಂಕದಿಂದ ಅವಳು ಫೋನ್ ತೆರೆದಳು. ಪ್ಲೇಲಿಸ್ಟಿನ ಕೊನೆಯಲ್ಲಿ ಅವನು ಸೇರಿಸಿದ್ದು ಒಂದೇ ಒಂದು... ಹಾಡಲ್ಲ. ಕುರಾನ್ ಪಠಣ.

ಮುಶೀರಾ ಪರದೆಯನ್ನೇ ದಿಟ್ಟಿಸಿದಳು.

ಅವಳಿಗೆ ಇದರ ಅರ್ಥ ಗೊತ್ತಿತ್ತು. ಅಥವಾ ಗೊತ್ತಿದೆ ಎಂದುಕೊಂಡಳು. ಗೆಳತಿ ನೋಹಾಳ ಬಾಳಲ್ಲೂ ಹೀಗೇ ಆಗಿತ್ತು. ಮದುವೆ ಗೊತ್ತಾದ ಹುಡುಗ ಇದ್ದಕ್ಕಿದ್ದಂತೆ ಗಡ್ಡ ಬಿಟ್ಟ, ಸಂಗೀತ ಪಾಪ ಎಂದ, ಅವಳಿಗೊಂದು ಪಠಣ ಕಳಿಸಿ 'ನೀನೂ ಪಶ್ಚಾತ್ತಾಪ ಪಡು' ಎಂದು ಕೈ ತೊಳೆದುಕೊಂಡ.

'ಹಾಗಾದರೆ ಇವನೂ ಅಷ್ಟೇ! ಇಷ್ಟು ದಿನ ಹಾಡು ಹಾಕಿದವನಿಗೆ ಈಗ ನಾನು ಪಾಪ ಆಗಿಬಿಟ್ಟೆನಾ? ಎದುರಿಗೆ ಬಂದು ಹೇಳುವ ಧೈರ್ಯವೂ ಇಲ್ಲ!'

ಅಂದೇ ಅವಳು ಒಂದು ಕುಣಿತದ ಹಾಡು ಸೇರಿಸಿದಳು. ಉತ್ತರವಿಲ್ಲ. ಮರುದಿನ ಇನ್ನೊಂದು, ಮೋಸಗಾರನನ್ನು ಹಂಗಿಸುವ ಹಾಡು. ಉತ್ತರವಿಲ್ಲ! ಆಮೇಲೆ ಮದುಮಗಳ ಮೆರವಣಿಗೆಯ ಹಾಡುಗಳು, ಡೋಲು, ಕೇಕೆ, ಒಂದರ ಹಿಂದೆ ಒಂದು...

ಅದೇ ಹೊತ್ತಿಗೆ ಸೋದರತ್ತೆ ಅಫಾಫ್ ಒಂದು ಸಂಬಂಧ ತಂದಳು. ಹುಡುಗ ವಾಇಲ್, ಔಷಧಿ ಕಂಪನಿಯಲ್ಲಿ ಕೆಲಸ, ಸ್ವಂತ ಫ್ಲ್ಯಾಟು, ಮಿತಭಾಷಿ.

"ಏನಮ್ಮ, ಒಪ್ಪಿಗೆನಾ?" ತಂದೆ ಕೇಳಿದರು.

"ಹೂಂ," ಎಂದಳು ಮುಶೀರಾ, ಯಾರ ಮೇಲಿನ ಸಿಟ್ಟಿಗೋ.

ಶುಕ್ರವಾರ ಎರಡೂ ಮನೆಯವರು ಸೇರಿ ಕುರಾನಿನ ಮೊದಲ ಅಧ್ಯಾಯ ಫಾತಿಹಾ ಓದುವುದೆಂದಾಯಿತು. ಫಾತಿಹಾ ಓದಿದರೆಂದರೆ ಮಾತು ಕೊಟ್ಟಂತೆ. ಆಮೇಲೆ ಹಿಂದೆ ಸರಿದರೆ ಎರಡೂ ಮನೆಗಳ ಮಾನ ಬೀದಿಗೆ ಬರುತ್ತದೆ.

ಬುಧವಾರ ಮಧ್ಯಾಹ್ನ ಅವಳಿಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. 'ಅವನ ಮುಖದ ಮೇಲೆ ಹೇಳಿಯೇ ಬರ್ತೀನಿ!' ಹಳದಿ ಸ್ಕಾರ್ಫ್ ಕಟ್ಟಿಕೊಂಡು, ತುಟಿಗೆ ಬಣ್ಣ ಹಚ್ಚಿಕೊಂಡು ಅತ್ತಾರಿನ್‌ಗೆ ಹೊರಟಳು. ಕನ್ನಡಕದ ಅಂಗಡಿ ಮುಚ್ಚಿತ್ತು. ಮನೆ ಅದರ ಮೇಲೆಯೇ ಎಂದು ಅವನು ಬಸ್ಸಿನಲ್ಲಿ ಹೇಳಿದ್ದ. ಮೆಟ್ಟಿಲು ಹತ್ತುತ್ತಲೇ ಅವಳು ಪ್ಲೇಲಿಸ್ಟ್ ತೆರೆದು, ಮದುಮಗಳ ಹಾಡನ್ನು ಪೂರ್ತಿ ಜೋರಾಗಿ ಹಚ್ಚಿದಳು. 'ಪಾಪ ಅಲ್ವಾ ಇದು? ಕೇಳಿಸ್ಕೋ!'

ಬಾಗಿಲು ತೆರೆಯಿತು.

ಅಡಿಯಿಂದ ಮುಡಿಯವರೆಗೆ ಕಪ್ಪು ಉಟ್ಟ ಹೆಂಗಸೊಬ್ಬರು ನಿಂತಿದ್ದರು. ಅತ್ತತ್ತು ಬಾಡಿದ ಕಣ್ಣುಗಳು. ಅವರ ಹಿಂದೆ ಮೋತಾಜ್. ಕೆನ್ನೆಯ ಮೇಲೆ ಕತ್ತರಿ ಕಾಣದ ಕುರುಚಲು ಗಡ್ಡ, ಬಸ್ಸಿನಲ್ಲಿ ಕಂಡಿದ್ದಕ್ಕಿಂತ ಅರ್ಧ ಇಳಿದುಹೋದ ದೇಹ.

ಡೋಲು ಬಡಿಯುತ್ತಲೇ ಇತ್ತು. ಹೆಂಗಸರ ಕೇಕೆ ಮೆಟ್ಟಿಲ ತುಂಬ ಮೊಳಗಿತು.

"ಶುಕ್ರವಾರ... ನನ್ನ ಫಾತಿಹಾ..." ಎಂದಷ್ಟೇ ಅವಳ ಬಾಯಿಂದ ಬಂತು.

"ಆರಿಸಿ," ಎಂದ ಮೋತಾಜ್. ದನಿ ಏರಿಸಲಿಲ್ಲ. "ನಮ್ಮಪ್ಪ ಸತ್ತ ಮನೆ ಇದು."

ಅವಳು ಪರದೆಯ ಮೇಲೆ ಎಲ್ಲೆಲ್ಲೋ ಒತ್ತಿದಳು. ಹಾಡು ನಿಲ್ಲುವಷ್ಟರಲ್ಲಿ ಒಂದು ಯುಗ ಕಳೆದಂತಾಯಿತು.

"ನನಗೆ... ನನಗೆ ಗೊತ್ತಿರಲಿಲ್ಲ! ದೇವರಾಣೆ..."

"ಗೊತ್ತಿರಲಿಲ್ವಾ?" ಅವನು ಕಹಿಯಾಗಿ ನಕ್ಕ. "ಅಪ್ಪನ್ನ ಮಣ್ಣು ಮಾಡಿ ಬಂದು ನಾನು ಮೊದಲು ಮಾಡಿದ ಕೆಲಸ ನಿಮಗೆ ತಿಳಿಸಿದ್ದು. ನಂಬರ್ ಇರಲಿಲ್ಲ, ಅದಕ್ಕೇ ಪ್ಲೇಲಿಸ್ಟಲ್ಲಿ ಪಠಣ ಹಾಕಿದೆ. ಸಾವಿನ ಮನೇಲಿ ನಲವತ್ತು ದಿನ ಹಾಡು ನಿಲ್ಲುತ್ತೆ, ಪಠಣ ಕೇಳುತ್ತೆ. ಇದು ಈ ಊರಲ್ಲಿ ಯಾರಿಗೆ ಗೊತ್ತಿಲ್ಲ? ನೀವು ಬರ್ತೀರಿ ಅಂತ ಬಾಗಿಲು ನೋಡ್ತಾ ಕೂತಿದ್ದೆ. ಬಂದಿದ್ದು ಏನು? ಕುಣಿಯೋ ಹಾಡು! ದಿನಾ ಫೋನ್ ಟಿಣ್ ಅನ್ನೋದು, ಮುಶೀರಾ ಹೊಸ ಹಾಡು ಸೇರಿಸಿದ್ದಾರೆ..."

"ನಾನು... ನೀವು ಧರ್ಮದ ಕಡೆ ತಿರುಗಿ ನನ್ನ ಬಿಟ್ರಿ ಅಂದ್ಕೊಂಡೆ! ನಾನು ಪಾಪ ಅಂತ ಹೇಳಿ ಕಳಿಸಿದ್ರಿ ಅಂದ್ಕೊಂಡೆ..."

ಮೋತಾಜ್ ಒಂದು ಹೆಜ್ಜೆ ಮುಂದೆ ಬಂದ. ಆದರೆ ದುಃಖದಲ್ಲಿ ಗಟ್ಟಿಯಾದ ಮನಸ್ಸು ಒಂದೇ ಮಾತಿಗೆ ಕರಗುವುದಿಲ್ಲ. "ಒಂದ್ಸಲ ಬಂದು ಕೇಳಬಹುದಿತ್ತು," ಎಂದು ಮುಖ ತಿರುಗಿಸಿದ. "ಶುಕ್ರವಾರ ಫಾತಿಹಾ ಅಂದ್ರಲ್ಲ. ಶುಭವಾಗಲಿ."

ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡ.

ಓಡಿಹೋಗಬೇಕೆಂದು ತಿರುಗಿದ ಮುಶೀರಾಳ ಮುಂಗೈಯನ್ನು ಆ ತಾಯಿ ಹಿಡಿದರು.

"ಸಾವಿನ ಮನೆ ಹೊಸಿಲಿಂದ ಕಾಫಿ ಕುಡೀದೆ ಹೋಗಬಾರದು ಮಗಳೇ. ಬಾ."

ಸಕ್ಕರೆ ಹಾಕದ ಕಪ್ಪು ಕಾಫಿ ಬಂತು. ಮುಶೀರಾ ಹಳದಿ ಸ್ಕಾರ್ಫನ್ನು ಎಲ್ಲಿ ಬಚ್ಚಿಡಲಿ ಎಂದು ತಿಳಿಯದೆ, ತುಟಿಯ ಬಣ್ಣವನ್ನು ಅಂಗೈಯಿಂದ ಒರೆಸಿಕೊಳ್ಳುತ್ತ ಕೂತಳು.

"ಅವರ ಉಳಿದ ಆಯಸ್ಸು ನಿಮಗಿರಲಿ ಅಮ್ಮಾ..." ಸಾಂತ್ವನದ ಮಾತು ಅಳುವಿನಲ್ಲಿ ಮುರಿದುಹೋಯಿತು.

"ನಿನ್ನ ವಿಷಯ ನಮ್ಮ ಯಜಮಾನರಿಗೆ ಗೊತ್ತಿತ್ತು," ಎಂದರು ತಾಯಿ. "ಅಂಗಡೀಲಿ ಗಾಜು ಉಜ್ಜುತ್ತಾ ನಿಮ್ಮ ಹಾಡುಗಳನ್ನೇ ಕೇಳೋರು. 'ಈ ಹುಡುಗಿಗೆ ಹಳೇದು ಹಿಡಿಸ್ತಾ ಇದೆ ಕಣೋ, ಇದನ್ನ ಹಾಕು, ಅದನ್ನ ಹಾಕು' ಅಂತ ಮಗನಿಗೆ ಹೇಳಿಕೊಡೋರು. ಅರ್ಧ ಹಾಡು ಅವರೇ ಆರಿಸಿದ್ದು."

ಮುಶೀರಾ ತುಟಿ ಕಚ್ಚಿಕೊಂಡಳು. ತಾನು ಗುನುಗಿದ ಹಾಡುಗಳು, ತಂದೆಯ ಕಣ್ಣು ತುಂಬಿಸಿದ ಹಾಡು... ಅವನ್ನು ಕೊಟ್ಟ ಆ ಕಾಣದ ಹಿರಿಯರ ಸಾವಿನ ಮನೆಯ ಮುಂದೆ ತಾನು ಡೋಲು ಬಾರಿಸಿದ್ದಳು! ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ?

ಕಾಫಿಯನ್ನು ಕೊನೆಯ ಹನಿಯವರೆಗೂ ಕುಡಿದು ಎದ್ದಳು.

ಅಂದು ಸಂಜೆ ಅವಳು ತಂದೆಯ ಮುಂದೆ ನಿಂತಳು. ಒಂದಕ್ಷರ ಮುಚ್ಚಿಡದೆ ಎಲ್ಲವನ್ನೂ ಹೇಳಿದಳು.

"ಶುಕ್ರವಾರ ಬೇಡ ಬಾಬಾ. ನನ್ನಿಂದ ಆಗಲ್ಲ."

"ಏನಂದೆ?" ಹಾಜಿ ಬದ್ರಾನ್ ಮೇಲೆದ್ದರು. "ನಾನು ಬರೋಕೆ ಹೇಳಿದ್ದೀನಿ! ನಿಮ್ಮತ್ತೆ ನಾಲ್ಕು ಮನೆಗೆ ಸಾರಿದ್ದಾಳೆ! ಆ ಹುಡುಗ ಏನಾದ್ರೂ ಮಾತು ಕೊಟ್ಟನಾ?"

"ಇಲ್ಲ ಬಾಬಾ. ಶುಭವಾಗಲಿ ಅಂದು ಬಾಗಿಲು ಹಾಕ್ಕೊಂಡ."

"ಅವನಿಗೆ ನೀನು ಬೇಡ. ವಾಇಲ್ ನೀನು ಬೇಕು ಅಂತಾನೆ, ನಿನಗೆ ಅವನು ಬೇಡ. ಹಾಗಾದ್ರೆ ನಿನ್ನ ಗತಿ ಏನು?"

"ಗೊತ್ತಿಲ್ಲ. ಆದ್ರೆ ಮನಸ್ಸಲ್ಲಿ ಇನ್ನೊಬ್ಬನ್ನ ಇಟ್ಕೊಂಡು ವಾಇಲ್ ಮುಂದೆ ಕೂತು ಫಾತಿಹಾ ಓದಿಸಿಕೊಂಡ್ರೆ ಅದು ದೇವರಿಗೇ ಮೋಸ."

ಹಾಜಿ ಒಳಗೆ ಹೋಗಿಬಿಟ್ಟರು. ಗುರುವಾರ ಇಡೀ ದಿನ ಮಗಳ ಜೊತೆ ಮಾತಾಡಲಿಲ್ಲ. ಫೋನಿನಲ್ಲಿ ಅತ್ತೆಯ ಕೂಗು ಅಡುಗೆಮನೆವರೆಗೂ ಕೇಳುತ್ತಿತ್ತು. ಅತ್ತೆ ಗೆದ್ದಳೋ, ಅಪ್ಪ ಗೆದ್ದರೋ? ಮುಶೀರಾ ಗೋಡೆಗೆ ಒರಗಿ ಕಿವಿಗೊಟ್ಟಳು.

ಶುಕ್ರವಾರ ನಮಾಜು ಮುಗಿಸಿ ಬಂದ ತಂದೆ ಬಾಗಿಲಲ್ಲೇ ನಿಂತು, "ಕಪ್ಪು ಬಟ್ಟೆ ಹಾಕ್ಕೋ," ಎಂದರು.

"ಬಾಬಾ?"

"ವಾಇಲ್ ಮನೆಯವರು ಬರಲ್ಲ. ನಾನೇ ಹೋಗಿ ಕ್ಷಮೆ ಕೇಳಿ ಬಂದೆ. ಈಗ ಆ ಮನೆಗೆ ಹೋಗಬೇಕು. ನನ್ನ ಮಗಳು ಸಾವಿನ ಮನೇಲಿ ಡೋಲು ಬಾರಿಸಿದ್ದಾಳೆ. ಮುಖ ತೋರಿಸಬೇಕಾದವನು ನಾನು."

ಅತ್ತಾರಿನ್‌ನ ಆ ಮನೆಯಲ್ಲಿ ನಾಲ್ವರೂ ಎದುರುಬದುರು ಕೂತರು. ಮೋತಾಜ್ ತಲೆ ಎತ್ತಲಿಲ್ಲ. ಹಾಜಿ ಬದ್ರಾನ್ ನೇರವಾಗಿ ವಿಷಯಕ್ಕೆ ಬಂದರು. "ಮಕ್ಕಳು ದುಡುಕ್ತಾರೆ, ತೀರಿಕೊಂಡವರ ಹತ್ತಿರ ಕ್ಷಮೆ ಕೇಳೋಕೆ ಬಂದಿದ್ದೀವಿ," ಎಂದರು. ಬಳಿಕ, "ಅವರ ಆತ್ಮಕ್ಕೆ ಫಾತಿಹಾ ಓದೋಣ," ಎಂದು ಅಂಗೈಗಳನ್ನು ಬಿಚ್ಚಿದರು.

ನಾಲ್ಕು ಜೋಡಿ ಅಂಗೈಗಳು ತೆರೆದವು. ಮೆಲುದನಿಯ ಓದು ಮುಗಿಯಿತು. ಹಾಜಿ ಮುಖ ಸವರಿಕೊಂಡರು, ತಾಯಿಯೂ. ಮುಶೀರಾ ಕಣ್ಣು ತೆರೆದಳು.

ಮೋತಾಜನ ಅಂಗೈಗಳು ಇನ್ನೂ ಬಿಚ್ಚಿಯೇ ಇದ್ದವು.

"ಮೊನ್ನೆ ನಿಮ್ಮ ಮಗಳು ಹೋದ ಮೇಲೆ ಅಮ್ಮ ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ ಹಾಜಿ," ಎಂದ ಅವನು. "ತಪ್ಪು ನಂದೂ ಇದೆ. ಸಾವಿನ ಸುದ್ದಿನ ಬಾಯಲ್ಲಿ ಹೇಳದೆ ಪ್ಲೇಲಿಸ್ಟಲ್ಲಿ ಇಟ್ಟೆ. ನಾನೇ ಬರಬೇಕಿತ್ತು. ಅದಕ್ಕಿಂತ ಮುಂಚೆ, ಅಪ್ಪ ಇದ್ದಾಗಲೇ ಬರಬೇಕಿತ್ತು. ಅವರನ್ನೂ ಕರ್ಕೊಂಡು... ಹಾಜಿ, ಇನ್ನೊಂದು ಸಲ ಓದಬಹುದಾ?"

"ಯಾರಿಗೆ?"

"ನನಗೆ... ನಿಮ್ಮ ಮಗಳಿಗೆ."

ಮುಶೀರಾ ತಟ್ಟನೆ ತಲೆ ಎತ್ತಿದಳು.

"ತಂದೆ ಮಣ್ಣು ಇನ್ನೂ ಒಣಗಿಲ್ಲ. ಜನ ಏನಂತಾರೆ?" ಹಾಜಿಯ ಹುಬ್ಬು ಗಂಟಿಕ್ಕಿತು.

"ಜನಕ್ಕೆ ಈಗ ಹೇಳೋದೇ ಬೇಡ," ಎಂದರು ತಾಯಿ. "ಶರಬತ್ತು ಬೇಡ, ಕೇಕೆ ಬೇಡ. ಅದೆಲ್ಲ ನಲವತ್ತು ಕಳೆದ ಮೇಲೆ. ಇವತ್ತು ನಾವು ನಾಲ್ಕು ಜನ, ದೇವರು ಒಬ್ಬ. ಅವರಿದ್ದಿದ್ರೆ ಎಲ್ಲರಿಗಿಂತ ಮುಂಚೆ ಅವರೇ ಕೈ ಬಿಚ್ಚೋರು."

ಹಾಜಿ ಮಗಳ ಕಡೆ ತಿರುಗಿದರು. "ಭಾನುವಾರ ಹೂಂ ಅಂದೆ, ಬುಧವಾರ ಊಹೂಂ ಅಂದೆ. ಇವತ್ತೇನು?"

"ಹೂಂ ಬಾಬಾ..." ಕಣ್ಣೀರಿನ ನಡುವೆ ಅವಳು ನಕ್ಕಳು. "ಇನ್ನು ಬದಲಾಗಲ್ಲ."

ಹಾಜಿ ಬದ್ರಾನ್ ನಿಟ್ಟುಸಿರಿಟ್ಟು ಮತ್ತೆ ಅಂಗೈ ಬಿಚ್ಚಿದರು. ಅದೇ ಕೋಣೆ, ಅದೇ ಪ್ರಾರ್ಥನೆ. ಈ ಸಲ ಓದುವಾಗ ಮೋತಾಜ್ ಅತ್ತ, ಗಂಡಸೆಂಬ ಸಂಕೋಚವಿಲ್ಲದೆ.

ಹಿರಿಯರು ಒಳಗೆ ಕಾಫಿ ಕುಡಿಯುತ್ತಿದ್ದಾಗ ಇಬ್ಬರೂ ಬಾಲ್ಕನಿಯಲ್ಲಿ ನಿಂತರು.

"ನನ್ನ ಕ್ಷಮಿಸಿದ್ರಾ?" ಅವಳು ಪಿಸುಗುಟ್ಟಿದಳು.

"ಫಾತಿಹಾ ಆದಮೇಲೂ 'ನೀವು' ಅಂತೀಯಲ್ಲ, ಅದನ್ನ ಮಾತ್ರ ಕ್ಷಮಿಸಲ್ಲ."

"ಮೋತಾಜ್... ಆ ಹಾಡುಗಳನ್ನೆಲ್ಲ ಅಳಿಸಿಬಿಡಲಾ?"

"ಬೇಡ, ಇರಲಿ. ಮದುಮಗಳ ಹಾಡು ಮದುವೆಗೆ ಬೇಕಲ್ಲ." ಅವನು ಅವಳ ಕಡೆ ನೋಡಿದ. "ಈ ಮನೇಲಿ ಇನ್ನೂ ಕೆಲವು ದಿನ ಹಾಡಿಲ್ಲ ಮುಶೀರಾ. ತುಂಬಾ ಮೌನ... ತಡ್ಕೊಳ್ಳೋಕೆ ಆಗಲ್ಲ ಒಮ್ಮೊಮ್ಮೆ."

ಅವಳು ಅವನ ಫೋನ್ ತೆಗೆದುಕೊಂಡು ತನ್ನ ನಂಬರ್ ಒತ್ತಿ ಕೈಗಿಟ್ಟಳು.

"ಹಾಗಾದ್ರೆ ಫೋನ್ ಮಾಡು. ಹಾಡು ಬೇಡ... ನಿಮ್ಮಪ್ಪನ ಬಗ್ಗೆ ಹೇಳು. ನಾನು ಕೇಳ್ತೀನಿ."