ಬಣ್ಣ ಹತ್ತದ ಬೆರಳು

ತೆಳುಬಟ್ಟೆಯ ಒಂದು ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಸಾಲ್ಹಾ ಮದರಂಗಿಯ ಪುಡಿ ಸೋಸುತ್ತಿದ್ದಳು. ಆರು ವರ್ಷಗಳಿಂದ ಅವಳ ಬೆರಳುಗಳಿಗೆ ಯಾವುದನ್ನೂ ಬಿಗಿಯಾಗಿ ಹಿಡಿಯಲು ಆಗುತ್ತಿರಲಿಲ್ಲ. ಕೈ ಬಿಟ್ಟ ಕೆಲಸವನ್ನು ಹಲ್ಲು ಕಲಿತುಕೊಂಡಿತ್ತು. ಅವರದೇ ತೋಟದ ಎಲೆ, ಖರ್ಜೂರದ ಮರಗಳ ನೆರಳಲ್ಲಿ ಬೆಳೆದದ್ದು. ಗಾಬೆಸ್ ಪೇಟೆಯಲ್ಲಿ ಅವಳ ಗಂಡ ಮೊಂಜಿಯ ಅಂಗಡಿಯ ಮದರಂಗಿಗೆ ಹೆಸರಿತ್ತು. ಆದರೆ ಈ ಪುಡಿ ಮಾರಾಟಕ್ಕಲ್ಲ. ಇದು ಮಗಳು ಅಬೀರ್‌ಳ ಕೈಗೆ. ಇವತ್ತು ಮಧ್ಯಾಹ್ನ ಅವಳ ಮದರಂಗಿ ಶಾಸ್ತ್ರ, ಶನಿವಾರ ಮದುವೆ!

ಮತ್ತು ಮಂಗಳವಾರ...

ಮಂಗಳವಾರ ಎಂದುಕೊಂಡರೆ ಸಾಕು, ಸಾಲ್ಹಾಳ ಎದೆ ಮದುಮಗಳ ಎದೆಗಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ಸ್ಫಾಕ್ಸ್ ನಗರದ ದೊಡ್ಡಾಸ್ಪತ್ರೆ. ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಸಕ್ಕರೆ ಡಬ್ಬಿಯ ಕೆಳಗೆ ಇಟ್ಟಿದ್ದಳು. ದಿನಕ್ಕೆ ಎರಡು ಸಲ ತೆಗೆದು ನೋಡುತ್ತಿದ್ದಳು, ಅಕ್ಷರ ಅಳಿಸಿಹೋಗಿಲ್ಲ ತಾನೇ ಎಂದು.

ನೋವು ಶುರುವಾದದ್ದು ಮಣಿಕಟ್ಟಿನಲ್ಲಿ. ಆಮೇಲೆ ಬೆರಳು, ಮಂಡಿ, ಭುಜ. ಬೆಳಗ್ಗೆ ಎದ್ದರೆ ಮೈಯನ್ನು ಯಾರೋ ರಾತ್ರಿಯೆಲ್ಲ ಹಿಂಡಿ ಹಗ್ಗದ ಮೇಲೆ ಹಾಕಿದ ಹಾಗೆ. ನಾಲ್ವರು ಡಾಕ್ಟರರು ನೋಡಿದರು. ಎಕ್ಸ್‌ರೇ ಚೆನ್ನಾಗಿದೆ ಎಂದರು, ರಕ್ತ ಚೆನ್ನಾಗಿದೆ ಎಂದರು. ಒಬ್ಬರು ನಿದ್ರೆಗೆ ಮಾತ್ರೆ ಬರೆದರು, ಇನ್ನೊಬ್ಬರು ನಕ್ಕು "ನಿಮಗೇನೂ ಇಲ್ಲಮ್ಮ" ಎಂದರು. ಎಲ್ಲ ನೋವಿಗಿಂತ ಹೆಚ್ಚು ನೋಯಿಸಿದ್ದು ಆ ಮಾತು. ಯಾಕೆಂದರೆ ಜೊತೆಗಿದ್ದ ಅತ್ತೆ, ತುರ್ಕಿಯಾ, ಅದನ್ನು ಮನೆಗೆ ಹೊತ್ತು ತಂದರು, ಬಂದವರಿಗೆಲ್ಲ ಹಂಚಿದರು.

"ನನ್ ಸೊಸೆಗೆ ಏನೂ ಇಲ್ವಂತೆ, ಡಾಕ್ಟ್ರೇ ಹೇಳಿದಾರೆ! ಕೂಸ್ಕೂಸಿಗೆ ರವೆ ಹೊಸೆಯೋಕೆ ಕೂತ್ರೆ ಕೈ ನೋವು, ಮದುವೆ ಮನೇಗೆ ಹೊರಟ್ರೆ ಕಾಲು ನೆಟ್ಟಗೆ!"

ಹಾಗೆಂದು ಅತ್ತೆ ಸುಮ್ಮನಿರುವವರೂ ಅಲ್ಲ. ತಮಗೆ ಗೊತ್ತಿದ್ದ ಒಂದೇ ಔಷಧವನ್ನು ತಪ್ಪದೆ ಮಾಡಿದರು. ಪ್ರತಿ ಗುರುವಾರ ಮದರಂಗಿ ಕಲಸಿ, ಸೊಸೆಯ ಎರಡೂ ಕೈಗೆ ಮಣಿಕಟ್ಟಿನವರೆಗೆ ಮೆತ್ತಿ, ಬಟ್ಟೆ ಸುತ್ತಿ ಕೂರಿಸುತ್ತಿದ್ದರು. ಬಣ್ಣದ ಮೇಲೆ ಬಣ್ಣ ಕೂತು ಸಾಲ್ಹಾಳ ಬೆರಳ ತುದಿಗಳು ಕಪ್ಪಾಗಿದ್ದವು. ಡಾಕ್ಟರರು ಕೂಡ ಆ ಕೈ ಕಂಡು "ಎಂಥಾ ಬಣ್ಣ!" ಎಂದು ಮೆಚ್ಚಿದರೇ ಹೊರತು ಬಣ್ಣದ ಕೆಳಗೆ ಏನಿದೆ ಎಂದು ಯಾರೂ ಕೇಳಲಿಲ್ಲ.

ಶರತ್ಕಾಲದಲ್ಲಿ ಸಾಲ್ಹಾಳ ತಾಯಿ ತೀರಿಕೊಂಡರು. ಶೋಕದಲ್ಲಿರುವ ಮಗಳು ಮದರಂಗಿ ಮುಟ್ಟುವುದಿಲ್ಲ. ತಿಂಗಳುಗಳು ಕಳೆದ ಹಾಗೆ ಉಗುರು ಬೆಳೆದು, ಕತ್ತರಿಸಿ, ಬಣ್ಣವೆಲ್ಲ ಹೋಯಿತು. ಮದುವೆಯಾದ ಇಪ್ಪತ್ನಾಲ್ಕು ವರ್ಷಗಳಲ್ಲಿ ಮೊದಲ ಸಲ ಅವಳ ಬೆರಳು ಬೋಳಾಗಿದ್ದವು. ಜನವರಿಯ ಒಂದು ಬೆಳಗ್ಗೆ ಹಳೆಯ ಮಾತ್ರೆ ಬರೆಸಿಕೊಳ್ಳಲು ಬಡಾವಣೆಯ ದವಾಖಾನೆಗೆ ಹೋದಾಗ, ಅಂಗಳದ ನಲ್ಲಿಯ ಕೊರೆಯುವ ತಣ್ಣೀರಲ್ಲಿ ಕೈ ತೊಳೆದು ಒಳಗೆ ಹೋದಳು. ಹೊಸದಾಗಿ ಬಂದಿದ್ದ ಡಾಕ್ಟರ್ ಹಾಜರ್ ಎಂಬ ಹುಡುಗಿ ಬರೆಯುತ್ತಿದ್ದ ಪೆನ್ನನ್ನು ಹಾಗೇ ಕೆಳಗಿಟ್ಟು ಅವಳ ಕೈ ಹಿಡಿದುಕೊಂಡಳು. ಮೂರು ಬೆರಳು ಮೇಣದ ಬತ್ತಿಯ ಹಾಗೆ ಬಿಳುಚಿದ್ದವು! ನೋಡನೋಡುತ್ತ ನೀಲಿಯಾದವು, ಆಮೇಲೆ ಕೆಂಪು.

"ತಣ್ಣೀರು ಮುಟ್ಟಿದ್ರೆ ಹೀಗಾಗೋದು ಯಾವಾಗ್ನಿಂದ, ಅಮ್ಮಾ?"

"ಗೊತ್ತಿಲ್ಲ, ಡಾಕ್ಟ್ರೇ... ಮೊದ್ಲೂ ಮರಗಟ್ತಿತ್ತು. ಮದರಂಗಿ ಇತ್ತಲ್ಲ, ಕಾಣ್ತಿರ್ಲಿಲ್ಲ."

ಹುಡುಗಿ ಉಳಿದ ಬೆರಳುಗಳನ್ನೂ ಒತ್ತಿ ನೋಡಿದಳು. ಆಮೇಲೆ ಮೆಲ್ಲಗೆ ಬಿಡಿಸಿ ಹೇಳಿದಳು. "ರೋಗ ಬಂದ್ರೆ ಓಡ್ಸೋಕೆ ಅಂತ ಮೈಯೊಳಗೆ ಒಂದು ಕಾವಲಿರುತ್ತೆ. ಕೆಲವ್ರಲ್ಲಿ ಅದು ದಾರಿ ತಪ್ಪಿ ಸ್ವಂತ ಮೈಯನ್ನೇ ಶತ್ರು ಅಂದ್ಕೊಂಡು ಬಡಿಯುತ್ತೆ. ನಿಮ್ಗೆ ಇದೇ ಅಂತ ನಾನೀಗ ಹೇಳಲ್ಲ, ಇರಬಹುದು ಅಷ್ಟೇ. ಆದ್ರೆ ಹುಡುಕ್ಲೇಬೇಕು. ಬಿಟ್ರೆ ಕೆಲವ್ರಿಗೆ ಶ್ವಾಸಕೋಶ, ಮೂತ್ರಪಿಂಡದವರೆಗೂ ಹೋಗುತ್ತೆ."

ಸಾಲ್ಹಾ ಕೇಳಿದ್ದು ಬೇರೆಯೇ ಪ್ರಶ್ನೆ. "ಅಂದ್ರೆ... ನಾನು ಸುಳ್ಳು ಹೇಳ್ತಿಲ್ಲ ಅಂತಾನಾ?"

"ಅದನ್ನ ತಿಳ್ಕೊಳ್ಳೋಕೆ ನಂಗೆ ಯಾವ ಪರೀಕ್ಷೆನೂ ಬೇಡಮ್ಮಾ."

ಸಾಲ್ಹಾ ಆವತ್ತು ಮನೆಗೆ ನಡೆದು ಬಂದಳೋ ಹಾರಿ ಬಂದಳೋ! ಕಾಯಿಲೆ ಇರಬಹುದು ಎಂದದ್ದಕ್ಕೆ ಕುಣಿಯುವ ಹೆಂಗಸು ಲೋಕದಲ್ಲಿ ತಾನೊಬ್ಬಳೇ ಇರಬೇಕು ಎಂದು ದಾರಿಯಲ್ಲಿ ಒಬ್ಬಳೇ ನಕ್ಕಳು, ಅತ್ತಳು. ಡಾಕ್ಟರ್ ಹುಡುಗಿ ಚೀಟಿ ಬರೆದುಕೊಟ್ಟಿದ್ದಳು: ಸ್ಫಾಕ್ಸ್‌ನಲ್ಲಿ ರಕ್ತ ತೆಗೆಯುತ್ತಾರೆ, ಉಗುರಿನ ಬುಡದ ಸಣ್ಣ ರಕ್ತನಾಳಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಒಂದೇ ಒಂದು ಷರತ್ತು: ಬೆರಳಿಗೆ ಮದರಂಗಿ ಇರಬಾರದು. ಇದ್ದರೆ ಏನೂ ಕಾಣುವುದಿಲ್ಲ. ಈ ಸರದಿ ತಪ್ಪಿದರೆ ಮುಂದಿನದು ಬರುವ ಚಳಿಗಾಲಕ್ಕೆ.

"ಸೋಸಿದ್ದು ಸಾಕು, ಕೈ ತೊಳ್ಕೊಂಡು ಬಾ." ತುರ್ಕಿಯಾ ಬಾಗಿಲಲ್ಲಿ ನಿಂತಿದ್ದರು. ಕೆಂಪು ಮೇಲುಹೊದಿಕೆ, ಎದೆಯ ಮೇಲೆ ಬೆಳ್ಳಿಯ ಕೊಕ್ಕೆ, ಎಪ್ಪತ್ತಾರರಲ್ಲೂ ನೆಟ್ಟಗಿನ ಬೆನ್ನು. "ಮೊದ್ಲು ನಿಂಗೆ, ಆಮೇಲೆ ಮಗೂಗೆ. ತಾಯಿ ಶೋಕ ಇವತ್ತಿಗೆ ಮುಗೀತು."

"ಅತ್ತೇ... ನಂಗೆ ಇವತ್ತು ಮದರಂಗಿ ಬೇಡ."

"ಏನಂದೆ?"

"ಮಂಗಳವಾರ ಬೆರಳು ತೋರಿಸ್ಬೇಕು. ಬಣ್ಣ ಇದ್ರೆ ನೋಡೋಕಾಗಲ್ವಂತೆ."

"ಓಹೋ! ಮಗಳ ಮದುವೆಗಿಂತ ನಿನ್ ಬೆರಳು ದೊಡ್ಡದಾಯ್ತು! ಗಾಬೆಸ್‌ಗೆಲ್ಲ ಮದರಂಗಿ ಕೊಡೋ ಮನೆ ಇದು. ಮದುಮಗಳ ತಾಯಿ ಬೋಳು ಕೈಲಿ ಕೂತ್ರೆ ಗಂಡಿನ ಕಡೆಯೋರು ಏನಂತಾರೆ? ಮಗಳಿಗೆ ಕೇಡು ಬಯಸ್ತಾಳೆ ಅನ್ನಲ್ವಾ?"

ಅಂಗಳದಲ್ಲಿ ಚಾಪೆ ಹಾಸುತ್ತಿದ್ದ ಮೊಂಜಿ ತಲೆ ಎತ್ತಿದ. "ಸಾಲ್ಹಾ, ಒಂದಿನದ ಮಾತು. ಅಮ್ಮ ಹೇಳ್ದಂಗೆ ಮಾಡೇ. ಆಸ್ಪತ್ರೆ ಎಲ್ಲಿಗೂ ಓಡಿಹೋಗಲ್ಲ."

"ನನ್ ಜೀವ ಓಡಿಹೋಗ್ಬಹುದು, ಅಬೀರ್ ಅಪ್ಪಾ..." ಸಾಲ್ಹಾ ಕೈಯನ್ನು ಹಿಂದಕ್ಕೆ ಅಡಗಿಸಿಕೊಂಡಳು. "ಆರು ವರ್ಷ ಕಾದಿದೀನಿ ನಾನು!"

ಮೊಂಜಿ ಮತ್ತೆ ಚಾಪೆಯ ಕಡೆ ಬಗ್ಗಿದ. ಜಗಳದ ನಡುವೆ ಅವನಿಗೆ ಯಾವಾಗಲೂ ಏನಾದರೂ ಕೆಲಸ ಸಿಗುತ್ತಿತ್ತು.

ಮಧ್ಯಾಹ್ನದ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಅಂಗಳ ತುಂಬಿತು. ಡೋಲು, ಸಾಂಬ್ರಾಣಿ ಹೊಗೆ, ಬಾದಾಮಿಯ ಮಿಠಾಯಿ, ಹೆಂಗಸರು ನಾಲಿಗೆ ಹೊರಳಿಸಿ ಹಾಕುವ ಉಲಿ! ಹಸಿರು ರೇಷ್ಮೆಯಲ್ಲಿ ಅಬೀರ್ ತಲೆ ತಗ್ಗಿಸಿ ಕೂತಿದ್ದಳು. ಮದರಂಗಿಗೆ ಕೂರಿಸಿಯಾರೆಂದು ಸಾಲ್ಹಾ ಬೇಕೆಂದೇ ಓಡಾಟದ ಕೆಲಸ ಹಚ್ಚಿಕೊಂಡಳು. ಚಹಾದ ಲೋಟಗಳನ್ನು ತೊಟ್ಟಿಯ ತಣ್ಣೀರಲ್ಲಿ ಜಾಲಿಸಿ ಜಾಲಿಸಿ ತಂದಳು. ಮಾರ್ಚ್ ತಿಂಗಳ ಗಾಳಿ ಸಮುದ್ರದ ಕಡೆಯಿಂದ ಚುಚ್ಚುವ ಹಾಗೆ ಬೀಸುತ್ತಿತ್ತು.

"ಬೀಗಿತ್ತಿ ಕೈ ಬೋಳು ಬೋಳು!" ಗಂಡಿನ ಸೋದರತ್ತೆ ಎಲ್ಲರಿಗೂ ಕೇಳುವ ಹಾಗೆ ಅಂದಳು. "ನಮ್ ಹುಡುಗನ್ನ ಒಪ್ಪಿಲ್ವೇನೋ, ಪಾಪ."

ನಗು ಎದ್ದಿತು. ಡೋಲು ನಿಂತಿತು. ತುರ್ಕಿಯಾರ ಮುಖ ಕಪ್ಪಿಟ್ಟಿತು. ಮದರಂಗಿಯ ಬಟ್ಟಲನ್ನು ಎಡಗೈಲಿ ಹಿಡಿದು ನೇರ ಬಂದು, ಸೊಸೆಯ ಕೈಯನ್ನು ಬಲವಾಗಿ ಎಳೆದುಕೊಂಡರು. "ಕೊಡು ಇಲ್ಲಿ! ನನ್ ಮಾನ ಕಳೀಬೇಡ!"

"ಬೇಡ ಅತ್ತೇ, ನಿಮ್ ಕಾಲಿಗೆ ಬೀಳ್ತೀನಿ... ಬೇಡ!"

ಮುಷ್ಟಿ ಬಿಚ್ಚಿತು. ಬಿಚ್ಚಿದ ಕೈಯಲ್ಲಿ ನಾಲ್ಕು ಬೆರಳು ಹೆಣದ ಬೆರಳಿನ ಹಾಗೆ ಬೆಳ್ಳಗಿದ್ದವು.

ಯಾರೋ ದೇವರ ಹೆಸರು ಹೇಳಿದರು. ಅಬೀರ್ "ಅಮ್ಮಾ!" ಎಂದು ಚೀರಿ ಎದ್ದಳು. ಆದರೆ ತುರ್ಕಿಯಾ ಚೀರಲಿಲ್ಲ, ಬೆಚ್ಚಲಿಲ್ಲ. ಬಟ್ಟಲು ಕೆಳಗಿಟ್ಟರು. ಸೊಸೆಯ ಬೆರಳುಗಳನ್ನು ಬಾಯಿಯ ಹತ್ತಿರ ತಂದು ಬಿಸಿಯುಸಿರು ಊದಿದರು. ಬುಡದಿಂದ ತುದಿಗೆ, ಮೆಲ್ಲಗೆ, ಒಂದೊಂದನ್ನೂ ನೇವರಿಸಿದರು. ಆಮೇಲೆ ಆ ಕೈಯನ್ನು ತಮ್ಮ ಹೊದಿಕೆಯೊಳಗೆ ಎಳೆದು ಕಂಕುಳಲ್ಲಿ ಅವುಚಿಕೊಂಡರು. ಎಷ್ಟು ಸಲೀಸಾಗಿ! ಎಷ್ಟು ಅಭ್ಯಾಸವಾದ ಹಾಗೆ!

ಸಾಲ್ಹಾ ಅವರ ಕಣ್ಣನ್ನೇ ನೋಡಿದಳು. "ಅತ್ತೇ... ಹೀಗೆ ಮಾಡ್ಬೇಕು ಅಂತ ನಿಮ್ಗೆ ಹೇಗೆ ಗೊತ್ತು?"

ಮುದುಕಿ ಇನ್ನಷ್ಟು ಹತ್ತಿರ ಬಾಗಿದರು. ಸೊಸೆಗೆ ಮಾತ್ರ ಕೇಳುವ ಹಾಗೆ, "ಯಾರು ಕೇಳಿದ್ರು ನನ್ನ?" ಎಂದರು. "ಇಪ್ಪತ್ತೆಂಟನೇ ವಯಸ್ಸಿಂದ ನಂಗೂ ಹೀಗೇ... ಹೇಳಿದ್ರೆ ನನ್ನತ್ತೆ, ಕೆಲಸಗಳ್ಳಿ ಅಂದ್ಲು. ಮದರಂಗಿ ಹಚ್ಚಿ ಮುಚ್ಕೊಂಡೆ. ನೀನೂ ಮುಚ್ಕೊಳ್ಳಲಿ ಅಂದ್ಕೊಂಡೆ ಕಣೇ... ಬೇರೆ ಏನೂ ಗೊತ್ತಿರ್ಲಿಲ್ಲ ನಂಗೆ."

ನಂತರ ಬೆನ್ನು ನೆಟ್ಟಗೆ ಮಾಡಿ, ಗಂಡಿನ ಸೋದರತ್ತೆಯ ಕಡೆ ತಿರುಗಿದರು. ದನಿ ಹಳೆಯ ತುರ್ಕಿಯಾರದೇ. "ಏನಮ್ಮಾ, ಮದರಂಗಿ ಬೇಕಾ? ನನ್ ಸೊಸೆ ಪಾಲಿಂದು ನಾನು ಹಚ್ಕೋತೀನಿ, ಎರಡೆರಡು ಸಲ! ನಮ್ ತೋಟದ್ದು, ಕಡಿಮೆ ಬೀಳಲ್ಲ. ಏಯ್, ಡೋಲು ಯಾಕೆ ನಿಲ್ಸಿದ್ರಿ? ಬಡೀರಿ!"

ಡೋಲು ಮತ್ತೆ ಎದ್ದಿತು. ಉಲಿಯ ಮೇಲೆ ಉಲಿ! ಅಬೀರ್ ಅಳುತ್ತ ನಗುತ್ತ ಅಂಗೈ ಚಾಚಿದಳು. ಹೊದಿಕೆಯ ಕತ್ತಲಲ್ಲಿ ಸಾಲ್ಹಾಳ ಬೆರಳಿಗೆ ರಕ್ತ ಮರಳಿ ಬರುತ್ತಿತ್ತು, ಬೆಂಕಿಯ ಸೂಜಿಗಳ ಹಾಗೆ. ಆ ನೋವು ಅವಳಿಗೆ ಆವತ್ತು ಸಿಹಿಯಾಗಿತ್ತು. ತನ್ನ ಮಣಿಕಟ್ಟನ್ನು ಹಿಡಿದಿದ್ದ ಆ ಮುದಿಕೈಯನ್ನು ಮೊದಲ ಸಲ ಮುಟ್ಟಿ ನೋಡುವವಳ ಹಾಗೆ ಮುಟ್ಟಿದಳು. ಕಪ್ಪು ಬಣ್ಣದ ಕೆಳಗೆ ಬೆರಳ ತುದಿಗಳಲ್ಲಿ ಸಣ್ಣ ಸಣ್ಣ ಗುಳಿಗಳು, ಹಳೆಯ ಹುಣ್ಣಿನ ಗುರುತು. ಮಂಜಿನ ಹಾಗೆ ತಣ್ಣಗೆ. ಇಪ್ಪತ್ನಾಲ್ಕು ವರ್ಷ ಒಂದೇ ತಟ್ಟೆಯಲ್ಲಿ ಉಂಡ ಕೈ!

ಸಂಜೆಗೆ ನೆಂಟರು ಹೊರಟರು. ತುರ್ಕಿಯಾ ಎರಡು ಸಲ ಮದರಂಗಿ ಮೆತ್ತಿಸಿಕೊಂಡ ಕೈಗಳಿಗೆ ಬಟ್ಟೆ ಸುತ್ತಿ, ಮಗುವಿನ ಹಾಗೆ ಗೋಡೆಗೊರಗಿ ನಿದ್ದೆ ಹೋಗಿದ್ದರು. ಸಾಲ್ಹಾ ಅವರ ಕಾಲಿಗೆ ಕಂಬಳಿ ಹೊದಿಸಿ ಅಡುಗೆಮನೆಗೆ ಬಂದಳು. ಸಕ್ಕರೆ ಡಬ್ಬಿ ಎತ್ತಿ ಚೀಟಿ ತೆಗೆದಳು. ಮಂಗಳವಾರ, ಒಂಬತ್ತು ಗಂಟೆ. "ಒಬ್ಬಳೇ ಹೋಗೋಕೆ ಹೆದರಿಕೆ, ಜೊತೆಗೆ ಬನ್ನಿ ಅತ್ತೇ" ಎಂದರೆ ಸಾಕು, ಗೊಣಗುತ್ತಲೇ ಹೊರಡುತ್ತಾರೆ. ಅತ್ತೆಯ ಉಗುರು ನೋಡಲಾಗದಿದ್ದರೆ ಬೇಡ, ರಕ್ತವನ್ನಾದರೂ ನೋಡಲಿ. ಮದರಂಗಿ ಬೆರಳಿಗೆ ಹತ್ತುತ್ತದೆ, ರಕ್ತಕ್ಕೆ ಹತ್ತುವುದಿಲ್ಲ.

"ಅಲ್ಲೇನೇ ಮಾಡ್ತಿದೀಯ?" ಮೊಂಜಿ ಅಂಗಳದಿಂದ ಕೂಗಿದ.

"ಏನಿಲ್ಲ, ಸಕ್ಕರೆ ಎಷ್ಟಿದೆ ನೋಡ್ತಿದ್ದೆ" ಎಂದಳು ಸಾಲ್ಹಾ.

ಗೂಡಿನಲ್ಲಿದ್ದ ಅತ್ತೆಯ ಆಸ್ಪತ್ರೆ ಪುಸ್ತಕವನ್ನು ಸದ್ದಿಲ್ಲದೆ ತೆಗೆದು, ಸೆರಗಿನಿಂದ ಧೂಳು ಒರೆಸಿ, ತನ್ನ ಪುಸ್ತಕದ ಜೊತೆಗೆ ಕೈಚೀಲದ ತಳಕ್ಕೆ ಇಟ್ಟಳು.